ತಿಪ್ಪೇರುದ್ರಪ್ಪನವರ ಆನ್‌ಲೈನ್ ಎಲ್ಎಲ್ಆರ್

ಚಳ್ಳಕೆರೆಯ ಶೇಂಗಾ ಎಣ್ಣೆ ವ್ಯಾಪಾರಿ ತಿಪ್ಪೇರುದ್ರಪ್ಪನವರು ಐವತ್ಮೂರು ವರ್ಷದ ತಮ್ಮ ಜೀವನದಲ್ಲಿ ಸುಳ್ಳು ಹೇಳಿದ್ದು ಕಡಿಮೆ. ಹೇಳಿದಾಗಲೂ ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅಳೆದು ಹೇಳುತ್ತಿದ್ದರು. ಅಂಥವರು ಎರಡು ಸಾವಿರದ ಆರನೇ ಇಸವಿಯ ಒಂದು ಭಾನುವಾರ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, ಯಾವ ಲಾಭವೂ ಇಲ್ಲದ ಒಂದು ಸುಳ್ಳು ಹೇಳಿಬಿಟ್ಟರು.

ತಪ್ಪು ಪೂರ್ತಿಯಾಗಿ ಅವರದೂ ಅಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಸೋಮಶೇಖರಪ್ಪನವರು, ಅಂದರೆ ಹುಡುಗನ ತಂದೆ, ಬಿಳಿ ಕಾರನ್ನು ತಾವೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ್ದನ್ನು ಇಡೀ ಬೀದಿ ನೋಡಿತ್ತು. ಇಳಿದವರು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಲೇ ಒಳಗೆ ಬಂದರು, ತಿರುಗಿಸುತ್ತಲೇ ಕೂತರು. "ನನಗೆ ಡ್ರೈವರ್ ಇಟ್ಕೊಳ್ಳೋದು ಆಗಿಬರಲ್ರಿ. ಇಪ್ಪತ್ತು ವರ್ಷದಿಂದ ನಾನೇ ಓಡಿಸೋದು" ಎಂದರು.

ತಿಪ್ಪೇರುದ್ರಪ್ಪನವರ ಬಳಿಯೂ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಕಾರಿತ್ತು. ಅದನ್ನು ಅವರು ದಿನಾ ತೊಳೆಯುತ್ತಿದ್ದರು, ಒರೆಸುತ್ತಿದ್ದರು, ಸಂಜೆ ಅದರೊಳಗೆ ಕೂತು ರೇಡಿಯೋ ಕೇಳುತ್ತಿದ್ದರು. ಓಡಿಸುವುದೊಂದನ್ನು ಬಿಟ್ಟು ಕಾರಿನಿಂದ ಏನೇನು ಸುಖ ಪಡಬಹುದೋ ಅದೆಲ್ಲವನ್ನೂ ಪಡೆದಿದ್ದರು.

"ನಮ್ಮದೂ ಹಂಗೇ ರೀ," ಎಂದರು ತಿಪ್ಪೇರುದ್ರಪ್ಪ. "ಬೇರೆಯೋರ ಕೈಗೆ ಸ್ಟೇರಿಂಗ್ ಕೊಡೋ ಮಾತೇ ಇಲ್ಲ."

ಒಳಗೆ ಕಾಫಿ ಸೋಸುತ್ತಿದ್ದ ಹೆಂಡತಿ ಕೊಟ್ರಮ್ಮನ ಕೈಯಿಂದ ಸೋಸಣಿಗೆ ಬಿತ್ತು.

"ಹಂಗಾದ್ರೆ ಭಾಳ ಚಲೋ ಆತು!" ಎಂದು ಸೋಮಶೇಖರಪ್ಪ ತೊಡೆ ತಟ್ಟಿದರು. "ಮುಂದಿನ ಮಾತಿಗೆ ನೀವು ಮೊಳಕಾಲ್ಮೂರಿಗೆ ಬರ್ರಿ. ನಿಮ್ಮ ಕಾರಿನಾಗೇ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗಿಬರೋಣ. ಹೋಗ್ತಾ ನೀವು ಓಡಿಸ್ರಿ, ಬರ್ತಾ ನಾನು."

ತಿಪ್ಪೇರುದ್ರಪ್ಪ ಬಾಯಲ್ಲಿದ್ದ ಉಪ್ಪಿಟ್ಟು ನುಂಗಿ "ಹೂಂ" ಎಂದರು.

ಹುಡುಗ ಶಶಿಕಾಂತನಿಗೂ ಹುಡುಗಿ ಗಂಗಾಂಬಿಕೆಗೂ ಒಬ್ಬರಿಗೊಬ್ಬರು ಮೆಚ್ಚಿಗೆಯಾಗಿತ್ತು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಗಂಗಾಂಬಿಕೆ ಅದುವರೆಗೆ ಬಂದ ಮೂರು ಗಂಡುಗಳನ್ನು ಬೇಡವೆಂದವಳು, ಈ ಸಲ ತಲೆ ಆಡಿಸಿದ್ದಳು. ಹೀಗಾಗಿ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಕಾರು ಕಲಿಯುವುದೊಂದೇ ದಾರಿ. ಕಲಿಯಬೇಕಾದರೆ ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಬೇಕು. ಎಲ್ಎಲ್ಆರ್ ಬೇಕಾದರೆ ಪರೀಕ್ಷೆ.

ಪರೀಕ್ಷೆ ಎಂಬ ಶಬ್ದ ಕೇಳಿದರೆ ತಿಪ್ಪೇರುದ್ರಪ್ಪನವರು ಮಾತು ಬದಲಿಸುತ್ತಿದ್ದರು. ಎಸ್ಎಸ್ಎಲ್‌ಸಿ ಗಣಿತಕ್ಕೆ ಮೂರು ಸಲ ಕೂತು, ನಾಲ್ಕನೇ ಸಲ ಎಣ್ಣೆ ಅಂಗಡಿಯಲ್ಲಿ ಕೂತವರು ಅವರು.

ಅವರ ಪುಣ್ಯಕ್ಕೋ ಪಾಪಕ್ಕೋ, ಕೊಟ್ರಮ್ಮನ ಅಣ್ಣನ ಮಗ ಸಂಗಮೇಶ ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಅರ್ಜಿ ಹಾಕುವ ಕೆಲಸವನ್ನು ಅವನಿಗೇ ಒಪ್ಪಿಸಿದ್ದರು. ಅವನ ಮುಂದೆ ಯಾವಾಗಲೂ ಹತ್ತು ಜನ ರಿಸಲ್ಟ್ ನೋಡಲು ನಿಂತಿರುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ಮಾತಾಡುವುದನ್ನು ರೂಢಿಸಿಕೊಂಡಿದ್ದ.

"ಲೇ ಸಂಗಮೇಶ, ಈ ಎಲ್ಎಲ್ಆರ್ ಪರೀಕ್ಷೆನ ಆರ್‌ಟಿಓದೋರ ಹತ್ರ ಹೋಗದಂಗೆ ಬರೆಯೋಕಾಗಲ್ವೇನೋ?"

"ಈಗೆಲ್ಲಾ ಆನ್‌ಲೈನ್ ಆಗ್ತಾ ಐತೆ ಮಾವ. ನಿಮ್ಮ ಅರ್ಜಿನ ಆರ್‌ಟಿಓದೋರ ಮೊಳಕಾಲ್ಮೂರು ಕ್ಯಾಂಪಿಗೆ ಹಾಕೀನಿ, ನಮ್ಮೂರ ಪಟ್ಟಿ ತುಂಬೈತೆ. ಸೋಮವಾರ ಹನ್ನೊಂದು ಗಂಟೆಗೆ ಲೈನ್ ಫ್ರೀ ಇರ್ತೈತೆ. ಆನ್‌ಲೈನಿನಾಗೆ ಪರೀಕ್ಷೆ ಕೊಡಬಹುದು. ಹತ್ತು ಪ್ರಶ್ನೆ, ಆರು ಸರಿಯಾದ್ರೆ ಪಾಸು."

ಸಂಗಮೇಶ ಹೇಳಿದ್ದು ಕಂಪ್ಯೂಟರಿನಲ್ಲಿ ಸಿಗುವ ಅಭ್ಯಾಸದ ಪರೀಕ್ಷೆಯ ವಿಷಯ. ತಿಪ್ಪೇರುದ್ರಪ್ಪನವರಿಗೆ ಗೊತ್ತಿದ್ದ ಲೈನು ಒಂದೇ, ಫೋನಿನದು. ಅದು ಅವರ ಪಡಸಾಲೆಯ ಗೂಡಿನಲ್ಲಿ, ಕೊಟ್ರಮ್ಮ ಹೆಣೆದ ಹೂವಿನ ಬಟ್ಟೆ ಹೊದ್ದುಕೊಂಡು ಕೂತಿತ್ತು.

"ನಮ್ಮ ಲೈನೂ ಫ್ರೀ ಇಡ್ತೀನಿ ಬಿಡು" ಎಂದರು.

"ಇಡ್ರಿ ಮಾವ" ಎಂದ ಸಂಗಮೇಶ, ಇನ್ನೊಬ್ಬರ ನೋಂದಣಿ ಸಂಖ್ಯೆ ಒತ್ತುತ್ತಾ.

ಅಂದಿನಿಂದ ಬೀದಿಯಲ್ಲಿ ದೊಡ್ಡ ಚರ್ಚೆ ಎದ್ದಿತು. ನಿವೃತ್ತ ಬಸ್ ಡ್ರೈವರ್ ಓಬಯ್ಯ, ಮೂವತ್ತೆರಡು ವರ್ಷ ಬಸ್ಸು ಓಡಿಸಿ ಬಳ್ಳಾರಿ ರಸ್ತೆಯ ಗುಂಡಿಗಳನ್ನು ಹೆಸರು ಹಿಡಿದು ಕರೆಯುವಷ್ಟು ಬಲ್ಲವನು, ಒಪ್ಪಲೇ ಇಲ್ಲ. "ಫೋನಿನಾಗೆ ಹೆಂಗ್ರಿ ಸಾವ್ಕಾರ್ರೆ? ಕಣ್ಣು ಕಾಣ್ತೈತೋ ಇಲ್ಲೋ ಅಂತ ಅವರಿಗೆ ಹೆಂಗೆ ಗೊತ್ತಾಗ್ತೈತೆ?"

"ಕಣ್ಣಿನ ಪರೀಕ್ಷೆ ಅಲ್ಲಪ್ಪ ಓಬಯ್ಯ, ತಲೆ ಪರೀಕ್ಷೆ. ಕಾಲ ಬದಲಾಗೈತೆ. ನಿನ್ನ ಕಾಲದಾಗೆ ರಸ್ತೆ ಮೇಲೆ ಪರೀಕ್ಷೆ, ನಮ್ಮ ಕಾಲದಾಗೆ ಲೈನ್ ಮೇಲೆ."

ಒಪ್ಪದಿದ್ದರೂ ಓಬಯ್ಯನೇ ಗುರುವಾದ. ರಸ್ತೆ ನಿಯಮಗಳ ತೆಳು ಪುಸ್ತಕ ಹಿಡಿದು ಅವನು ಕೇಳುವುದು, ತಿಪ್ಪೇರುದ್ರಪ್ಪನವರು ಎಣ್ಣೆ ಡಬ್ಬಗಳ ನಡುವೆ ನಿಂತು ಕೈ ಚಾಚಿ ಹೇಳುವುದು. ಗಿರಾಕಿಗಳು ಎರಡು ಲೀಟರ್ ಎಣ್ಣೆ ಕೇಳಿದರೆ ಸಾವ್ಕಾರರು ಬಲಗೈ ಮೇಲೆ ಕೆಳಗೆ ಆಡಿಸಿ "ನಿಧಾನಿಸಿ" ಎನ್ನುತ್ತಿದ್ದರು.

ಸೋಮವಾರ ಬಂತು. ತಿಪ್ಪೇರುದ್ರಪ್ಪನವರು ತಲೆಗೆ ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿ, ಹತ್ತೂಮುಕ್ಕಾಲಿಗೆ ಫೋನಿನ ಮುಂದೆ ಕೂತರು. ಕೊಟ್ರಮ್ಮ ಫೋನಿಗೆ ಎರಡು ಊದುಬತ್ತಿ ಬೆಳಗಿದಳು. ಓಬಯ್ಯ ಸಾಕ್ಷಿಗೆಂದು ಮೂಲೆಯಲ್ಲಿ ಕೂತ. ಪಕ್ಕದ ಮನೆಯ ಮಂಜುಳಮ್ಮನಿಗೆ ಪ್ರತಿ ಸೋಮವಾರ ಬಳ್ಳಾರಿಯ ಅಳಿಯನ ಫೋನು ಈ ಮನೆಗೇ ಬರುತ್ತಿತ್ತು. ಆಕೆ ಎಂದಿನಂತೆ ಬಂದರೆ ಬಾಗಿಲಲ್ಲೇ ತಡೆದರು.

"ಒಂದ್ ನಿಮಿಷ ಮಾತಾಡಿ ಇಟ್ಬಿಡ್ತೀನಿ ಕಣ್ರೀ."

"ಮಂಜುಳಮ್ಮೋರೆ, ಇವತ್ತು ಈ ಲೈನು ಸರ್ಕಾರದ್ದು" ಎಂದರು ತಿಪ್ಪೇರುದ್ರಪ್ಪ ಗಂಭೀರವಾಗಿ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಫೋನು ಬಡಿದುಕೊಂಡಿತು. ತಿಪ್ಪೇರುದ್ರಪ್ಪನವರು ಎದ್ದು ನಿಂತು ರಿಸೀವರ್ ಎತ್ತಿದರು. ಮೊಳಕಾಲ್ಮೂರಿನ ಲೈನೆಂದರೆ ಆ ಕಾಲದಲ್ಲಿ ಹುರಿಗಡಲೆ ಹುರಿದ ಹಾಗೆ ಸದ್ದು. ಯಾರ ದನಿಯೂ ಅವರ ದನಿಯಂತೆ ಇರುತ್ತಿರಲಿಲ್ಲ. ಅದರ ಮೇಲೆ ಆ ಕಡೆಯವರಿಗೆ ನೆಗಡಿ.

"ತಿಪ್ಪೇರುದ್ರಪ್ಪನೋರೇನ್ರಿ? ಮೊಳಕಾಲ್ಮೂರಿಂದ ಮಾತಾಡ್ತಿರೋದು."

"ನಮಸ್ಕಾರ ಸಾರ್! ನಿಮ್ಮ ಫೋನಿಗೇ ಕಾಯ್ತಿದ್ದೆ ಸಾರ್!"

ಆ ಕಡೆ ಸೋಮಶೇಖರಪ್ಪನವರಿಗೆ, ಬೀಗರಾಗುವವರು 'ಸಾರ್' ಎಂದದ್ದು ಕೇಳಿ ಎದೆ ಒಂದು ಗೇಣು ಉಬ್ಬಿತು. "ನಾಲ್ಕು ಮಾತು ಕೇಳೋದಿತ್ತು."

"ಹತ್ತು ಕೇಳ್ರಿ ಸಾರ್. ಆರಕ್ಕೆ ಸರಿಯಾಗಿ ಹೇಳಿದ್ರೆ ಸಾಕಲ್ಲ?"

ಬೀಗರು ತಮಾಷೆಯವರು ಎಂದುಕೊಂಡು ಸೋಮಶೇಖರಪ್ಪ ನಕ್ಕರು. "ಏನಿಲ್ಲ, ನಮ್ಮ ಕಡೆಯಿಂದ ಒಂದು ಹದಿನೈದು ಜನ ಒಟ್ಟಿಗೆ ಬಂದ್ರೆ ನೀವೇನು ಮಾಡ್ತೀರಿ ಅಂತ?"

"ಮೊದ್ಲು ಹಾರ್ನ್ ಹೊಡೀತೀನಿ ಸಾರ್. ಸರಿದ್ರೆ ಸರಿ, ಇಲ್ಲಾಂದ್ರೆ ಅಲ್ಲೇ ನಿಲ್ಲಿಸಿಬಿಡ್ತೀನಿ."

"ನಿಲ್ಲಿಸಿಬಿಡ್ತೀರಾ?"

"ಪೂರ್ತಿ ಸಾರ್. ಕೈ ತೋರಿಸಿ ನಿಲ್ಲಿಸ್ತೀನಿ."

ಓಬಯ್ಯ ಮೂಲೆಯಿಂದ ಒಂದು ಬೆರಳೆತ್ತಿದ: ಒಂದು ಸರಿ.

"ಅಲ್ರೀ... ನಮ್ಮ ಅವ್ವ ವಯಸ್ಸಾದೋರು. ನಡೆಯೋದು ಕಷ್ಟ. ಅವರೂ ಬರ್ತೀನಿ ಅಂತಾರೆ..."

"ವಯಸ್ಸಾದೋರು ಅಡ್ಡ ಬಂದ್ರೆ ಅವಸರ ಮಾಡೋಂಗಿಲ್ಲ ಸಾರ್. ಅವರು ಹೋಗೋವರೆಗೂ ಕಾಯ್ತೀನಿ. ಅವರು ಹೋದ ಮೇಲೇ ನಾನು ಮುಂದೆ ಹೋಗೋದು."

"ಏನಂದ್ರಿ?"

"ಎಷ್ಟು ಹೊತ್ತಾದ್ರೂ ಸರಿ ಸಾರ್, ಹೋಗೋವರೆಗೂ ಕಾಯ್ತೀನಿ!"

ಎರಡನೇ ಬೆರಳು. ಬಾಗಿಲಲ್ಲಿ ನಿಂತಿದ್ದ ಮಂಜುಳಮ್ಮನೂ ಮೆಚ್ಚಿ ತಲೆದೂಗಿದಳು.

ಆ ಕಡೆಯ ದನಿ ಗಡುಸಾಯಿತು. "ಓಹೋ. ನಮಗಿಂತ ಹಿಂದೆ ಇನ್ಯಾರೋ ಬಂದಿದ್ರು ಅಂತ ಕೇಳಿದ್ವಿ. ಅದು ನಿಜ ಏನ್ರಿ?"

"ಹಿಂದಿನಿಂದ ಬಂದೋರು ಜೋರಾಗಿದ್ರೆ ದಾರಿ ಬಿಡ್ತೀನಿ ಸಾರ್. ಅವರೇ ಮುಂದೆ ಹೋಗ್ಲಿ."

"ಹಂಗಾದ್ರೆ ನಾವೇನು ಮಾಡ್ಬೇಕು?"

"ಎಡಕ್ಕೆ ಸರಿದು ನಿಲ್ಬೇಕು ಸಾರ್!"

"ಏನ್ರಿ ತಿಪ್ಪೇರುದ್ರಪ್ಪ, ಹಿಂಗೆ ದಿಢೀರಂತ ತಿರುಗಿ ಬೀಳೋದು ದೊಡ್ಡಮನುಷ್ಯರ ಲಕ್ಷಣ ಏನ್ರಿ?"

"ತಿರುಗೋಕೆ ಮುಂಚೆ ಕನ್ನಡಿ ನೋಡ್ಕೋಬೇಕು ಸಾರ್!"

"ನಾನು ಕನ್ನಡಿ ನೋಡ್ಕೋಬೇಕಾ?"

"ಯಾರಾದ್ರೂ ಅಷ್ಟೇ ಸಾರ್, ಕನ್ನಡಿ ನೋಡ್ಕೊಳ್ಳೇಬೇಕು."

ಫೋನು ಇಟ್ಟ ರಭಸಕ್ಕೆ ತಿಪ್ಪೇರುದ್ರಪ್ಪನವರ ಕಿವಿ ಗುಂಯ್ ಎಂದಿತು. ಅವರು ರಿಸೀವರನ್ನು ಎರಡು ಕೈಯಲ್ಲಿ ಇಳಿಸಿ, ಹೂವಿನ ಬಟ್ಟೆ ಹೊದಿಸಿ ಹೇಳಿದರು: "ಹತ್ತೂ ಕೇಳ್ಲಿಲ್ಲ. ಐದಾರಕ್ಕೇ ಸಾಕು ಅನ್ನಿಸ್ತು ಅವರಿಗೆ."

ಬೀದಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದ್ದಾಯಿತು. ಆ ಮೂರು ದಿನ ತಿಪ್ಪೇರುದ್ರಪ್ಪನವರು ಚಳ್ಳಕೆರೆಯಲ್ಲಿ ಆನ್‌ಲೈನ್ ವಿಷಯಕ್ಕೆ ಕೊನೆಯ ಮಾತಾಗಿದ್ದರು. ಎಲ್ಎಲ್ಆರ್ ಬೇಕಾದವರು ಬಂದು "ಸಾವ್ಕಾರ್ರೆ, ನಮ್ಮ ಪರೀಕ್ಷೇನೂ ನಿಮ್ಮ ಫೋನಿಗೇ ಹಾಕಿಸ್ರಿ" ಎಂದು ಹೆಸರು ಬರೆಸಿ ಹೋಗುತ್ತಿದ್ದರು. ಮಂಜುಳಮ್ಮ ತನ್ನ ಅಳಿಯನಿಗೆ ಮುಂದಿನ ಸೋಮವಾರದ ಬದಲು ಮಂಗಳವಾರ ಫೋನು ಮಾಡಲು ಹೇಳಿದಳು. ಸೋಮವಾರಕ್ಕೆ ಹನ್ನೆರಡು ಜನ ಆಗಲೇ ಇದ್ದರು.

ಗುರುವಾರ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮೊಳಕಾಲ್ಮೂರಿನ ಮುದ್ರೆ. "ರಿಸಲ್ಟ್!" ಎಂದು ತಿಪ್ಪೇರುದ್ರಪ್ಪನವರು ಜಗಲಿಯ ಮೇಲೇ ನಿಂತು, ಓಬಯ್ಯನನ್ನು ಕೂಗಿ ಕರೆದು, ಗಟ್ಟಿಯಾಗಿ ಓದಿದರು.

"ತಾವು ಫೋನಿನಲ್ಲಿ ಅಪ್ಪಣೆ ಕೊಡಿಸಿದ ಪ್ರಕಾರ ನಾವು ಎಡಕ್ಕೆ ಸರಿದು ನಿಂತಿದ್ದೇವೆ. ನಿಮ್ಮ ಹಿಂದಿನಿಂದ ಬಂದವರು ಧಾರಾಳವಾಗಿ ಮುಂದೆ ಹೋಗಲಿ. ನಮ್ಮ ತಾಯಿಯವರು ಆರೋಗ್ಯವಾಗಿದ್ದಾರೆ. ಸದ್ಯಕ್ಕೆ ಹೋಗುವ ಯೋಚನೆ ಅವರಿಗಿಲ್ಲ. ಕನ್ನಡಿ ನಮ್ಮ ಮನೆಯಲ್ಲೂ ಇದೆ."

"ನೋಡಿದೆಯಾ ಓಬಯ್ಯ? ನಾನು ಹೇಳಿದ್ದೆಲ್ಲಾ ಸರಿ ಅಂತ ಒಂದೊಂದಾಗಿ ಬರೆದಾರೆ! ಸರ್ಕಾರದೋರು ಇಷ್ಟು ವಿವರವಾಗಿ ಯಾವತ್ತು ಬರೆದಿದ್ರು?"

ಗಂಗಾಂಬಿಕೆ ಸ್ಕೂಲಿಗೆ ಹೊರಟವಳು ಪತ್ರ ಕಸಿದುಕೊಂಡು ಕೆಳಗಿನ ಸಹಿ ನೋಡಿದಳು. ಇನ್ನೊಂದು ಸಲ ನೋಡಿದಳು. "ಅಪ್ಪಾ, ಸೋಮವಾರ ನೀವು ಯಾರ ಜೊತೆ ಮಾತಾಡಿದ್ರಿ?"

"ಆರ್‌ಟಿಓ ಸಾಹೇಬ್ರ ಜೊತೆ."

"ಸೋಮಶೇಖರಪ್ಪನೋರು ಯಾವಾಗ ಆರ್‌ಟಿಓ ಆದ್ರು?"

ಆ ಕ್ಷಣಕ್ಕೇ ಸಂಗಮೇಶನ ಸೈಕಲ್ಲು ಬಂದು ನಿಂತಿತು. "ಮಾವ, ಸೋಮವಾರ ಸೆಂಟರಿಗೆ ಯಾಕೆ ಬರಲಿಲ್ಲ? ಅಭ್ಯಾಸದ ಪರೀಕ್ಷೆ ತೆಗೆದಿಟ್ಟು ಒಂದು ತಾಸು ಕಾದೆ. ನಾಡಿದ್ದು ಶನಿವಾರ ನಿಜವಾದ ಪರೀಕ್ಷೆ, ಮೊಳಕಾಲ್ಮೂರಿನ ಸರ್ಕಾರಿ ಬಂಗಲೆ, ಐಬಿಯಾಗೆ. ಹೋಗ್ತೀರಲ್ಲ?"

ತಿಪ್ಪೇರುದ್ರಪ್ಪನವರು ಜಗಲಿಯ ಮೇಲೆ ಕೂತುಬಿಟ್ಟರು. ಗಂಗಾಂಬಿಕೆ ಅಳಲಿಲ್ಲ, ಕೂಗಾಡಲಿಲ್ಲ. ಪತ್ರವನ್ನು ಮಡಿಸಿ ಅಪ್ಪನ ಕೈಗಿಟ್ಟು, "ಈ ಸಲ ಹುಡುಗ ಬೇಡ ಅಂದಿದ್ದು ನಾನಲ್ಲ" ಎಂದಷ್ಟೇ ಹೇಳಿ ಹೋದಳು. ಆಕೆ ಕೂಗಾಡಿದ್ದರೇ ಚೆನ್ನಾಗಿತ್ತು ಎಂದು ಅವರಿಗೆ ಇಡೀ ದಿನ ಅನ್ನಿಸುತ್ತಿತ್ತು. ಎರಡು ಸಲ ಮೊಳಕಾಲ್ಮೂರಿಗೆ ಫೋನು ಮಾಡಿದರು. ಎರಡು ಸಲವೂ ಹೆಸರು ಹೇಳಿದ ಕೂಡಲೇ ಆ ಕಡೆಯಿಂದ ಠಪ್ಪೆಂದಿತು.

ಶನಿವಾರ ಬೆಳಿಗ್ಗೆ ಗಂಡಹೆಂಡಿರು ಬಸ್ಸು ಹತ್ತಿದರು. ತಳಕು ಊರು ದಾಟಿದ ಮೇಲೆ ಕೊಟ್ರಮ್ಮ "ಉಪ್ಪಿಟ್ಟು ತಿನ್ನೋ ಬಾಯಾಗೆ ಸ್ಟೇರಿಂಗ್ ಯಾಕೆ ಬೇಕಿತ್ರೀ?" ಎಂದು ಶುರುಮಾಡಿದವಳು ಮೊಳಕಾಲ್ಮೂರಿನವರೆಗೂ ನಿಲ್ಲಿಸಲಿಲ್ಲ.

ಸೋಮಶೇಖರಪ್ಪನವರ ಮನೆಯ ಕಟ್ಟೆಯ ಮೇಲೆ, ಕಾಲು ಚಾಚಿಕೊಂಡು, ಅವರ ತಾಯಿ ಮೂಗಮ್ಮ ಎಲೆಅಡಿಕೆ ಕುಟ್ಟುತ್ತಿದ್ದಳು. ಎಂಬತ್ತು ದಾಟಿದ ಜೀವ. ಅಜ್ಜಿಗೆ ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತಿದ್ದವು, ಬೈಗುಳ ಮಾತ್ರ ಬೇರೆ ಬೇರೆ ಇಟ್ಟುಕೊಂಡಿದ್ದಳು.

"ಶರಣು ಅವ್ವಾ. ನಾನು ಚಳ್ಳಕೆರೆ ತಿಪ್ಪೇರುದ್ರಪ್ಪ."

ಕುಟ್ಟುವುದು ನಿಂತಿತು. "ಏಮಯ್ಯಾ, ನಾನು ಹೋಗೋವರೆಗೂ ಕಾಯ್ತೀನಿ ಅಂದೋನು ನೀನೇನಾ? ಇನ್ನೂ ಹೋಗಿಲ್ಲ ನೋಡು. ಕೂತ್ಕೋ. ಕಾಯ್ತಾ ಇರು. ಮಧ್ಯಾಹ್ನದ ಊಟ ಮಾಡಿ ನೋಡ್ತೀನಿ, ಹೋಗೋದೋ ಬಿಡೋದೋ ಅಂತ."

ತಿಪ್ಪೇರುದ್ರಪ್ಪನವರು ಕಾಲಿಗೆ ಬೀಳಲು ಹೋದರೆ ಅಜ್ಜಿ ಕಾಲು ಮಡಿಸಿಕೊಂಡಳು. ಮಗ ಎಲ್ಲಿ ಎಂದರೆ, ಬೆಳಿಗ್ಗೆ ಯಾರಿಗೂ ಹೇಳದೆ ಐಬಿ ಕಡೆ ಹೋಗಿದ್ದಾನೆ, ಏನು ಕೆಲಸವೋ ಕಾಣೆ ಎಂದಳು. ಕೊಟ್ರಮ್ಮನನ್ನು ಅಜ್ಜಿಯ ಬಳಿ ಬಿಟ್ಟು ತಿಪ್ಪೇರುದ್ರಪ್ಪನವರು ಐಬಿಗೆ ಓಡಿದರು.

ಐಬಿಯ ದೊಡ್ಡ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಕಂಪ್ಯೂಟರು. ಹೊರಗೆ ವರಾಂಡದ ತುಂಬ ಸಾಲು. ಕಂಪ್ಯೂಟರಿನ ಮುಂದೆ, ಅದು ಕಚ್ಚೀತೇನೋ ಎಂಬಂತೆ ಹಿಂದಕ್ಕೆ ಬಾಗಿ, ಬೆವರೊರೆಸಿಕೊಳ್ಳುತ್ತಾ ಕೂತಿದ್ದವರು ಸೋಮಶೇಖರಪ್ಪನವರು.

"ಬೀಗರೇ, ತಪ್ಪಾತು!" ಎಂದು ತಿಪ್ಪೇರುದ್ರಪ್ಪನವರು ಒಳಗೆ ನುಗ್ಗಿದರು.

ಸೋಮಶೇಖರಪ್ಪನವರು ಹೆಗಲ ಮೇಲಿನ ವಲ್ಲಿಯನ್ನು ಸರಕ್ಕನೆ ಮುಖಕ್ಕೆ ಎಳೆದುಕೊಂಡರು. ವಲ್ಲಿಯೊಳಗಿಂದ ದನಿ ಬಂತು: "ನಾನು... ಸುಮ್ನೆ ನೋಡೋಕೆ ಬಂದಿದ್ದೆ."

"ನೋಡೋಕೆ ಬಂದೋರು ಆರನೇ ಪ್ರಶ್ನೆವರೆಗೂ ಬಂದುಬಿಟ್ರಲ್ರೀ" ಎಂದರು ಮೇಜಿನ ಆಚೆ ಕೂತಿದ್ದ ಆರ್‌ಟಿಓ ಇನ್‌ಸ್ಪೆಕ್ಟರ್. "ಬೇಗ ಒತ್ರಿ, ಟೈಮ್ ಹೋಗ್ತೈತೆ."

ತಿಪ್ಪೇರುದ್ರಪ್ಪನವರು ಕಂಪ್ಯೂಟರು ನೋಡಿದರು, ಬೀಗರ ವಲ್ಲಿ ನೋಡಿದರು. ಇಪ್ಪತ್ತು ವರ್ಷದಿಂದ ಕಾರು ಓಡಿಸುವವರು ಎಲ್ಎಲ್ಆರ್ ಪರೀಕ್ಷೆಗೆ ಯಾಕೆ ಕೂತಿದ್ದಾರೆ ಎಂಬ ಪ್ರಶ್ನೆ ಅವರಿಗೆ ಹೊಳೆಯುವಷ್ಟರಲ್ಲಿ ಪರದೆಯ ಮೇಲಿನ ಪ್ರಶ್ನೆ ಕಣ್ಣಿಗೆ ಬಿತ್ತು. ವಯೋವೃದ್ಧರು ರಸ್ತೆ ದಾಟುತ್ತಿದ್ದರೆ ನೀವೇನು ಮಾಡುವಿರಿ?

ಒಂದು ವಾರ ಬಾಯಿಪಾಠ ಮಾಡಿದ ನಾಲಿಗೆ. ಅದು ತಡೆಯಲಿಲ್ಲ. "ಅವರು ಹೋಗೋವರೆಗೂ ಕಾಯ್ಬೇಕು ಬೀಗರೇ! ಅವರು ಹೋದ ಮೇಲೇ ನಾವು ಮುಂದೆ ಹೋಗೋದು!"

ಸೋಮಶೇಖರಪ್ಪನವರು ನಿಧಾನಕ್ಕೆ ವಲ್ಲಿ ಇಳಿಸಿ ಪರದೆಯನ್ನು ಓದಿದರು. ಮೂರನೆಯ ಉತ್ತರ ಹೆಚ್ಚುಕಡಿಮೆ ಅದೇ ಇತ್ತು.

"ಅವತ್ತು ಫೋನಿನಾಗೆ ಹೇಳಿದ್ದು... ಇದಾ?"

"ಇದೇ ಬೀಗರೇ! ನೀವು ಆರ್‌ಟಿಓ ಸಾಹೇಬ್ರು ಅಂದ್ಕೊಂಡು ಹೇಳ್ದೆ!"

"ಎಡಕ್ಕೆ ಸರಿದು ನಿಲ್ರಿ ಅಂದಿದ್ದು?"

"ಪುಸ್ತಕದ ಹನ್ನೆರಡನೇ ಪುಟ!"

"ಕನ್ನಡಿ?"

"ಇಪ್ಪತ್ತನೇದು!"

"ಇಬ್ಬರೂ ಆಚೆ ನಡೀರಿ!" ಎಂದು ಇನ್‌ಸ್ಪೆಕ್ಟರ್ ಎದ್ದು ನಿಂತರು. "ಇದು ಪರೀಕ್ಷೆ ಕೋಣೆ, ಮದುವೆ ಮಾತಾಡೋ ಪಡಸಾಲೆ ಅಲ್ಲ. ಹೇಳಿಕೊಟ್ಟೋರೂ ಫೇಲು, ಹೇಳಿಸಿಕೊಂಡೋರೂ ಫೇಲು. ಮುಂದಿನ ತಿಂಗಳು ಬರ್ರಿ, ಬೇರೆ ಬೇರೆ ದಿವಸ ಬರ್ರಿ."

ಐಬಿಯ ಬೇವಿನ ಮರದ ಕೆಳಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತರು. ಕೊನೆಗೆ ಸೋಮಶೇಖರಪ್ಪನವರೇ ಬಾಯಿ ಬಿಟ್ಟರು. ಚಳ್ಳಕೆರೆಗೆ ಕಾರು ತಂದದ್ದು ಡ್ರೈವರ್; ಬೀದಿಯ ತಿರುವಿನಲ್ಲಿ ಅವನನ್ನು ಇಳಿಸಿ, ಕೊನೆಯ ನೂರು ಅಡಿ ಮಾತ್ರ ತಾವು ಓಡಿಸಿದ್ದರು. ಆ ನೂರು ಅಡಿಗೂ ಮಗ ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದ್ದ.

"ನಾನು ಆ ನೂರು ಅಡೀನೂ ಓಡಿಸಿಲ್ರಿ" ಎಂದರು ತಿಪ್ಪೇರುದ್ರಪ್ಪ. "ತೊಳೀತೀನಿ. ಅಷ್ಟೇ."

"ಜಟಿಂಗ ರಾಮೇಶ್ವರಕ್ಕೆ ನೀವು ಹೂಂ ಅಂದ್ಬಿಟ್ರಲ್ರೀ! ಅವತ್ತಿಂದ ನನಗೆ ನಿದ್ದೆ ಇಲ್ಲ. ಬರ್ತಾ ನಾನು ಓಡಿಸಬೇಕಿತ್ತಲ್ಲ. ಮಾತು ಮುರಿದ್ರೂ ಕಟ್ಟಿದ ಫೀಸು ಬಿಡೋದ್ಯಾಕೆ ಅಂತ ಇವತ್ತು ಬಂದೆ."

ಇಬ್ಬರು ಗಂಡಸರು ತಮ್ಮ ತಮ್ಮ ಅಯೋಗ್ಯತೆಯನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮೇಲೆ ಅವರ ನಡುವೆ ಹುಟ್ಟುವ ಸ್ನೇಹಕ್ಕೆ ಸಮ ಇನ್ನೊಂದಿಲ್ಲ. ಮನೆಯಲ್ಲಿ ಏನು ಹೇಳುವುದು ಎಂಬುದನ್ನು ಇಬ್ಬರೂ ಮರದ ಕೆಳಗೇ ತೀರ್ಮಾನಿಸಿದರು. ವರಾಂಡದಲ್ಲಿ ಯಾರೋ ಆಡುತ್ತಿದ್ದ ಒಂದು ಹೊಸ ಮಾತು ಅವರ ನೆರವಿಗೆ ಬಂತು.

"ಸರ್ವರ್ ಇರಲಿಲ್ಲ" ಎಂದರು ಸೋಮಶೇಖರಪ್ಪನವರು ಮನೆಗೆ ಬಂದು.

"ಯಾವನು ಅವನು?" ಎಂದಳು ಮೂಗಮ್ಮ. "ಹೋಟ್ಲಿನೋನಾ? ರಜೆ ಹಾಕಿದ್ನಾ?"

"ಹೂಂ ಅವ್ವಾ" ಎಂದರು ಇಬ್ಬರೂ ಒಟ್ಟಿಗೆ.

ಅಷ್ಟರಲ್ಲಿ ಕೊಟ್ರಮ್ಮ ಅಜ್ಜಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಅಜ್ಜಿ ನಗುನಗುತ್ತಾ ಎಲೆಅಡಿಕೆ ನೆತ್ತಿಗೇರಿಸಿಕೊಂಡು, ನಿಜವಾಗಿಯೂ ಹೋಗಿಬಿಡುತ್ತಾಳೇನೋ ಎಂದು ಎಲ್ಲರೂ ಹೆದರುವಂತೆ ಕೆಮ್ಮಿ, ಸುಧಾರಿಸಿಕೊಂಡು ಅಪ್ಪಣೆ ಕೊಟ್ಟಳು: "ಮುಂದಿನ ತಿಂಗಳೇ ಮದುವೆ ಮಾಡ್ರಿ. ಇವರಿಬ್ಬರನ್ನ ನೋಡಿದ್ರೆ ಕಾಯೋಕೆ ನನಗೇ ಧೈರ್ಯ ಇಲ್ಲ."

ಫೋನು ಮಾಡಿ ವಿಷಯ ತಿಳಿಸಿದಾಗ ಗಂಗಾಂಬಿಕೆ ಎರಡು ಸಲ ಕೇಳಿದಳಂತೆ: "ಈಗ ಯಾರ ಜೊತೆ ಮಾತಾಡ್ತಿದೀರಿ ಅಂತ ನಿಮಗೆ ಗೊತ್ತೈತೆ ತಾನೇ ಅಪ್ಪಾ?"

ಮದುವೆ ಚಳ್ಳಕೆರೆಯಲ್ಲೇ ಆಯಿತು. ಸೋಮಶೇಖರಪ್ಪನವರು ತಮ್ಮ ಡ್ರೈವರನ್ನು ಅಂದು ಬೇಕೆಂದೇ ಬಸ್ಸಿನಲ್ಲಿ ಊರಿಗೆ ವಾಪಸು ಕಳಿಸಿದ್ದರು. ಅವನು ಬಾಯಿ ಬಿಟ್ಟರೆ ಎಂಬ ಭಯ. ಊಟ ಮುಗಿದು ಮದುಮಕ್ಕಳನ್ನು ಮೊಳಕಾಲ್ಮೂರಿಗೆ ಕಳಿಸಿಕೊಡುವ ಹೊತ್ತಿಗೆ ಕಲ್ಯಾಣ ಮಂಟಪದ ಮುಂದೆ ಹೂವಿನ ಕಾರು ನಿಂತಿತ್ತು. ಇನ್ನೂರು ಜನ ಸುತ್ತ ನಿಂತಿದ್ದರು. ಗಾಡಿ ಯಾರು ಓಡಿಸುತ್ತಾರೆ ಎಂದು ಯಾರೋ ಕೇಳಿದರು.

ತಿಪ್ಪೇರುದ್ರಪ್ಪನವರು ಕೈ ಮುಗಿದರು. "ಬೀಗರೇ ಓಡಿಸಬೇಕು. ಅನುಭವಸ್ಥರು."

"ಛೆ ಛೆ! ಹೆಣ್ಣು ಕೊಟ್ಟೋರು ನೀವು. ಆ ಗೌರವ ನಿಮಗೇ ಸಲ್ಲಬೇಕು."

"ನಿಮ್ಮ ಮುಂದೆ ನಾನು ಸ್ಟೇರಿಂಗ್ ಮುಟ್ಟೋದಾ? ಸಾಧ್ಯವೇ ಇಲ್ಲ. ನೀವೇ."

"ನೀವೇ ರೀ."

"ನೀವೇ."

ಮಂಜುಳಮ್ಮನ ಕಣ್ಣು ಒದ್ದೆಯಾಯಿತು. "ನೋಡ್ರೀ, ಬೀಗರು ಅಂದ್ರೆ ಹಿಂಗಿರಬೇಕು. ಒಬ್ಬರಿಗೊಬ್ಬರು ಎಂಥಾ ಮರ್ಯಾದೆ!" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಸುತ್ತಲಿನವರು ಹೌದು ಹೌದು ಎಂದರು. ಓಬಯ್ಯ ಮಾತ್ರ ಆಕಾಶ ನೋಡುತ್ತಾ ನಿಂತಿದ್ದ.

ಗಂಗಾಂಬಿಕೆ ಗಂಡನ ಮುಖ ನೋಡಿದಳು. ಶಶಿಕಾಂತ ಅಪ್ಪನ ಬೆರಳಿನಿಂದ ಕೀಲಿಯನ್ನು ಮೆಲ್ಲಗೆ ಜಾರಿಸಿಕೊಂಡು, ಅಜ್ಜಿಯನ್ನು ಹಿಂದೆ ಕೂರಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ತೆಗೆದ. ಕಾರು ಬಸ್‌ಸ್ಟ್ಯಾಂಡ್ ದಾಟಿ ಬಳ್ಳಾರಿ ರಸ್ತೆಗೆ ಸೇರಿದಾಗಲೂ ಬೀಗರಿಬ್ಬರೂ ಖಾಲಿ ಜಾಗದ ಆಚೆ ಈಚೆ ನಿಂತು, ಕೈ ಮುಗಿದುಕೊಂಡು, "ನೀವೇ" "ನೀವೇ" ಎನ್ನುತ್ತಲೇ ಇದ್ದರು.